ಎರ್ಗಶ್ ಹೆಸರಿನಲ್ಲಿ ಏಳು ರೊಟ್ಟಿ

"ಇವತ್ತಿನಿಂದ ಈ ಮನೇಲಿ ಒಂದು ಬೆಂಕಿಕಡ್ಡಿ ಕೂಡ ನನ್ನ ಅಪ್ಪಣೆ ಇಲ್ಲದೆ ಉರಿಯೋ ಹಾಗಿಲ್ಲ! ಖರ್ಚು ಕಡಿಮೆ ಮಾಡೋದು ಅಂದ್ರೆ ಏನು ಅಂತ ಇಡೀ ಮಾರ್ಗಿಲಾನ್ ಊರಿಗೇ ತೋರಿಸಿಕೊಡ್ತೀನಿ!"

ಹೊಲಿಗೆ ಯಂತ್ರ ರಿಪೇರಿಯ ಎರ್ಗಶ್ ಹೀಗೆ ಘೋಷಣೆ ಹೊರಡಿಸಿದ್ದು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ, ಬಾಯಿ ತುಂಬ ರೊಟ್ಟಿ ತುರುಕಿಕೊಂಡು. ಹೆಂಡತಿ ಮವ್ಜುದಾ ತಲೆ ಎತ್ತಿಯೂ ನೋಡಲಿಲ್ಲ. ಬಟ್ಟಲಿಗೆ ಚಹಾ ಬಗ್ಗಿಸುತ್ತಾ ಹೇಳಿದಳು:

"ಹೋಷಿಮಣ್ಣ ಹೋದ ವರ್ಷವೇ ತೋರಿಸಿ ಆಯ್ತಲ್ಲ."

ಅಷ್ಟೇ! ಎರ್ಗಶ್‌ನ ಗಂಟಲಲ್ಲಿ ರೊಟ್ಟಿ ನಿಂತಿತು. ಹೋಷಿಮ್ ಗೋಡೆಯಾಚೆಯ ಮನೆಯವನು, ಶಾಲೆಯಲ್ಲಿ ಗಣಿತದ ಮೇಷ್ಟ್ರು. ಅವನು ಮನೆಯ ಖರ್ಚನ್ನು ಅರ್ಧಕ್ಕೆ ಇಳಿಸಿ, ಉಳಿಸಿದ್ದರಲ್ಲಿ ಹೆಂಡತಿಗೆ ಬಂಗಾರದ ಓಲೆ ಮಾಡಿಸಿಕೊಟ್ಟ ದಿನದಿಂದ ಮವ್ಜುದಾಳ ಬಾಯಲ್ಲಿ ಬೇರೆ ಗಂಡಸಿನ ಹೆಸರೇ ಇಲ್ಲ. ಹೋಷಿಮಣ್ಣ ಕ್ಯಾರೆಟ್ಟನ್ನು ಸಿಪ್ಪೆ ಸಮೇತ ತಿನ್ನುತ್ತಾರೆ. ಹೋಷಿಮಣ್ಣ ಹಳೇ ಅಂಗಿಯ ಕಾಲರ್ ತಿರುಗಿಸಿ ಹೊಲಿಸುತ್ತಾರೆ. ಹೋಷಿಮಣ್ಣ ಸೀನುವುದನ್ನೂ ಎರಡಕ್ಕೆ ಒಂದು ಮಾಡಿಕೊಂಡಿದ್ದಾರೆ! ಅಡುಗೆಮನೆಯ ಗ್ಯಾಸು ಕೆಟ್ಟರೂ ಪರವಾಗಿಲ್ಲ, ಎರ್ಗಶ್‌ನ ಹೊಟ್ಟೆಯ ಉರಿಯ ಮೇಲೆಯೇ ಒಂದು ಹಂಡೆ ಪಲಾವ್ ಬೇಯಿಸಬಹುದಿತ್ತು.

ನಿಜ ಹೇಳಬೇಕೆಂದರೆ ಅವನಿಗೆ ಉಳಿತಾಯವೂ ಬೇಕಿರಲಿಲ್ಲ, ಓಲೆಯೂ ಬೇಕಿರಲಿಲ್ಲ. 'ನನ್ನ ಗಂಡ ಹೋಷಿಮಣ್ಣನಿಗಿಂತ ಒಂದು ಕೈ ಮೇಲು' ಎಂಬ ಮಾತು ಮವ್ಜುದಾಳ ಬಾಯಿಂದ ಒಂದೇ ಒಂದು ಸಲ ಬೀಳಬೇಕಿತ್ತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇಷ್ಟು ಕೇಳಿದರೆ ಹೆಚ್ಚೇ?

ಯುದ್ಧ ಶುರುವಾಯಿತು. ಮೊದಲ ದಿನ ಗೇಟಿನ ಮೇಲಿದ್ದ ದೀಪದ ಬಲ್ಬು ಬಿಚ್ಚಿದ. ಎರಡನೆಯ ದಿನ ಚಹಾದಂಗಡಿಗೆ ಹೋಗುವುದನ್ನು ನಿಲ್ಲಿಸಿದ. ಮೂವತ್ತು ವರ್ಷದಿಂದ ಅವನು ಕುಳಿತು ಕುಳಿತು ತಗ್ಗು ಬಿದ್ದಿದ್ದ ಮೂಲೆ ಅಲ್ಲಿ ಖಾಲಿ ಉಳಿಯಿತು. ಮೂರನೆಯ ವಾರ ಸಂತೆಯೊಳಗಿನ ಅಂಗಡಿಗೆ ಬೀಗ ಜಡಿದು, ಯಂತ್ರಗಳನ್ನೆಲ್ಲ ಹಿತ್ತಿಲ ಕೊಟ್ಟಿಗೆಗೆ ಸಾಗಿಸಿದ. ಬಾಡಿಗೆ ಉಳಿಯಿತು! ಗಿರಾಕಿಗಳೂ ಅಲ್ಲೇ ಉಳಿದರು, ಆ ಮಾತು ಬೇರೆ. ಚಹಾಸೊಪ್ಪನ್ನು ಒಣಗಿಸಿ ಮೂರು ಸಲ ಕುದಿಸುವ ಪದ್ಧತಿ ಬಂತು. ಸ್ನಾನಕ್ಕೆ ಕಾಸು ಕೊಟ್ಟು ಹಮಾಮಿಗೆ ಹೋಗುವ ಬದಲು ತಾಮ್ರದ ಕೊಡವನ್ನು ಬಿಸಿಲಿಗಿಟ್ಟು, ಕೊಟ್ಟಿಗೆಯ ಹಿಂದೆ ನಿಂತು, ಸೋಪಿನ ಹಳೇ ಚೂರುಗಳನ್ನು ಉಂಡೆ ಕಟ್ಟಿ ಮೈ ಉಜ್ಜಿಕೊಳ್ಳತೊಡಗಿದ. ರೇಷ್ಮೆ ಕಾರ್ಖಾನೆಯಲ್ಲಿ ನೇಯುವ ಮವ್ಜುದಾಳಿಗೆ ಬಸ್ಸಿನ ಕಾಸು ನಿಂತಿತು. ದಿನಾ ನಡೆದೇ ಹೋಗಿ ನಡೆದೇ ಬರುತ್ತಿದ್ದ ಅವಳ ಮುಖ ಜೂನ್ ಬರುವಷ್ಟರಲ್ಲಿ ಬಾಡಿದ ಮೂಲಂಗಿಯಂತಾಯಿತು.

"ಈಗೇನಂತೀಯ?" ಎಂದು ಎರ್ಗಶ್ ಎದೆ ಉಬ್ಬಿಸಿ ಕೇಳಿದ.

"ಕಾಲು ನೋಯ್ತಾ ಇದೆ ಅಂತೀನಿ," ಎಂದಳು ಮವ್ಜುದಾ. "ಹೋಷಿಮಣ್ಣ ಹೆಂಡತೀನ ನಡೆಸದೇನೇ ಉಳಿಸ್ತಾರೆ, ಗೊತ್ತಾ?"

ಹಾಗಾದರೆ ಆ ಮೇಷ್ಟ್ರ ಗುಟ್ಟೇನು? ಎರ್ಗಶ್ ಕೆಲಸ ಬಿಟ್ಟು ಎರಡು ದಿನ ಗೋಡೆಯ ಬಿರುಕಿಗೆ ಕಣ್ಣಂಟಿಸಿ ಕುಳಿತ. ಗುಟ್ಟು ಸಿಕ್ಕಿತು! ಹೋಷಿಮ್‌ನ ಹೆಂಡತಿ ತಟ್ಟೆಯಲ್ಲಿ ನಾಲ್ಕು ಜರ್ದಾಳು ಹಣ್ಣಿಟ್ಟು ಪಕ್ಕದ ಮನೆಗೆ ಕಳಿಸುತ್ತಾಳೆ. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವಷ್ಟು ಮರ್ಯಾದೆಗೆಟ್ಟವರು ಈ ಊರಲ್ಲಿ ಯಾರಿದ್ದಾರೆ? ಹೋದದ್ದು ನಾಲ್ಕು ಜರ್ದಾಳು, ಬಂದದ್ದು ಮಾಂಸ ತುಂಬಿದ ಹನ್ನೆರಡು ಸಮೋಸ! ಇನ್ನೊಂದು ಮನೆಗೆ ಹೋದದ್ದು ಒಂದು ಹಿಡಿ ಪುದೀನ, ಬಂದದ್ದು ತಟ್ಟೆ ತುಂಬ ಪಲಾವ್! ಆ ಪಲಾವಿನ ತಟ್ಟೆಯನ್ನು ಹಿಡಿದು ಗೇಟು ದಾಟಿದ ಹೆಂಗಸು ಯಾರೆಂದು ನೋಡಿದರೆ, ಅಯ್ಯೋ ವಿಧಿಯೇ, ಸ್ವತಃ ಮವ್ಜುದಾ!

ಮರುದಿನ ಅವಳು ಕೆಲಸಕ್ಕೆ ಹೋದ ಕೂಡಲೇ ಎರ್ಗಶ್ ಅಂಗಿಯ ತೋಳು ಮಡಚಿದ. ಅಗ್ಗದಲ್ಲಿ ಅಗ್ಗದ ತಿಂಡಿ ಯಾವುದು? ಹಿಟ್ಟು, ನೀರು, ಉಪ್ಪು. ಲಟ್ಟಿಸಿ ಎಣ್ಣೆಗೆ ಬಿಟ್ಟರೆ ಚಲ್ಪಕ್ ರೊಟ್ಟಿ. ಡಬ್ಬದ ತಳದಲ್ಲಿದ್ದ ಹತ್ತಿಬೀಜದ ಹಳೇ ಎಣ್ಣೆ ಹೊಗೆಯೆದ್ದು ಬೀದಿಯುದ್ದಕ್ಕೂ ಘಮಘಮಿಸಿತು. ಅವನ ಕೈ ತನ್ನಷ್ಟಕ್ಕೇ ತಟ್ಟೆಗೆ ಏಳೇಳರಂತೆ ರೊಟ್ಟಿ ಪೇರಿಸಿತು. ತೀರಿಹೋದ ತಾಯಿ ಹೀಗೇ ಏಳೇಳು ಪೇರಿಸುತ್ತಿದ್ದುದು ನೆನಪಾಗಿ ಕಣ್ಣು ತೇವವಾಯಿತು. ತಾಯಿ ಯಾಕೆ ಹಾಗೆ ಪೇರಿಸುತ್ತಿದ್ದಳು ಎಂಬುದು ಮಾತ್ರ ಆ ಮಹಾಶಯನಿಗೆ ಹೊಳೆಯಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಅವನಿಗೆ ವಾರ, ತಿಥಿ ಒಂದೂ ನೆನಪಿರುತ್ತಿರಲಿಲ್ಲ. ಅಂದು ಗುರುವಾರ.

ತಟ್ಟೆ ಹಂಚುವ ಕೆಲಸ ಮನೆಯಲ್ಲೇ ಇದ್ದ ಎಂಬತ್ತರ ಬಹ್ರಿ ದೊಡ್ಡಮ್ಮನ ಪಾಲಿಗೆ ಬಂತು. ಹೊಗೆಗೆ ಅವಳ ಕಣ್ಣಿಂದ ಧಾರಾಕಾರ ನೀರು ಇಳಿಯುತ್ತಿತ್ತು.

"ದೊಡ್ಡಮ್ಮಾ, ಸಾಲಿನ ಏಳೂ ಮನೆಗೆ ಕೊಟ್ಟು ಬನ್ನಿ. ಮವ್ಜುದಾ ಕಳಿಸಿದ್ಲು ಅಂದುಬಿಟ್ಟೀರಿ ಮತ್ತೆ! ಎಲ್ಲಾ ಕೀರ್ತಿ ಅವಳೇ ಹೊಡ್ಕೊಂಡ್ಹೋಗ್ತಾಳೆ. ನನ್ನ ಹೆಸರು ಹೇಳಿ, ನನ್ನ ಹೆಸರು!"

"ಏನು ಮೊಸರು?"

"ಹೆ-ಸ-ರು! ಎರ್ಗಶ್ ಹೆಸರಲ್ಲಿ ಅನ್ನಿ!"

"ಆಯ್ತಪ್ಪ, ಯಾಕೆ ಕಿರುಚ್ತೀಯ? ನಾನೇನು ಕಿವುಡೀನಾ?"

ಗುರುವಾರ ಮನೆಯಿಂದ ಎಣ್ಣೆ ಹೊಗೆ ಏಳುವುದು, ತಟ್ಟೆಯಲ್ಲಿ ಏಳು ಚಲ್ಪಕ್ ಬರುವುದು, ಅದು ಇಂಥವರ ಹೆಸರಿನಲ್ಲಿ ಎನ್ನುವುದು: ಇದೆಲ್ಲ ಮಾರ್ಗಿಲಾನ್‌ನಲ್ಲಿ ನಡೆಯುವುದು ತೀರಿಹೋದವರಿಗಾಗಿ ಮಾತ್ರ. ಮೊದಲ ಮನೆಯ ಸಲೋಮತ್ ತಟ್ಟೆ ನೋಡಿದಳು, ಮುದುಕಿಯ ಕಣ್ಣೀರು ನೋಡಿದಳು.

"ಯಾರ ಹೆಸರಲ್ಲಿ ದೊಡ್ಡಮ್ಮಾ?"

"ನಮ್ಮ ಎರ್ಗಶ್ ಹೆಸರಲ್ಲಿ ತಾಯಿ."

"ಅಯ್ಯಯ್ಯೋ! ಯಾವಾಗ ಆಯ್ತು?"

"ಈಗ ತಾನೇ ಆಯ್ತು," ಎಂದಳು ದೊಡ್ಡಮ್ಮ, ರೊಟ್ಟಿಯನ್ನು ಮುಟ್ಟಿ ನೋಡುತ್ತಾ. "ಇನ್ನೂ ಬಿಸಿ ಆರಿಲ್ಲ!"

ಸಲೋಮತ್ ಎದೆ ಬಡಿದುಕೊಂಡಳು. ಮುಂದಿನದನ್ನು ಬೀದಿಯೇ ಕೂಡಿಸಿಕೊಂಡಿತು. ಎರಡು ತಿಂಗಳಿಂದ ಚಹಾದಂಗಡಿಯಲ್ಲಿ ಅವನ ಸುಳಿವಿಲ್ಲ, ಅಂಗಡಿಗೆ ಬೀಗ, ಗೇಟಿನಲ್ಲಿ ದೀಪವಿಲ್ಲ, ಹೆಂಡತಿಯ ಮುಖದಲ್ಲಿ ಕಳೆಯಿಲ್ಲ. ಪಾಪ, ಹಾಸಿಗೆ ಹಿಡಿದಿದ್ದ ಅಂತ ಕಾಣುತ್ತೆ! ಯಾರಿಗೂ ಹೇಳದೆ ನುಂಗಿಕೊಂಡಳಲ್ಲ ಮಹಾತಾಯಿ! ಅತ್ತ ಏಳು ಮನೆಯ ಒಲೆಗಳು ಹೊತ್ತಿಕೊಂಡವು, ಏಕೆಂದರೆ ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವಂತಿಲ್ಲ, ಬೀದಿಯವರೇ ಅನ್ನ ಕಳಿಸಬೇಕು. ಇತ್ತ ಗಂಡಸರು ಸಾವಿನ ಮನೆಗೆ ಹೋಗುವ ಪದ್ಧತಿಯಂತೆ ನಿಲುವಂಗಿ ತೊಟ್ಟು, ಸೊಂಟಕ್ಕೆ ವಸ್ತ್ರ ಬಿಗಿದು, ಟೋಪಿ ಹಾಕಿ ಹೊರಟರು. ಚಹಾದಂಗಡಿಯ ಬೆಂಚುಗಳು ಎರ್ಗಶ್‌ನ ಗೇಟಿನ ಮುಂದೆ ಬಂದು ಕುಳಿತವು.

ಬರಲಿರುವ ತಟ್ಟೆಗಳ ಕನಸು ಕಾಣುತ್ತಾ ಎರ್ಗಶ್ ಆಗ ಕೊಟ್ಟಿಗೆಯ ಹಿಂದೆ ಮೈಗೆಲ್ಲ ಸೋಪು ಬಳಿದುಕೊಂಡು ನಿಂತಿದ್ದ. "ಅಯ್ಯೋ ನನ್ನ ಅಣ್ಣಾ!" ಎಂಬ ಗೋಳು ಕೇಳಿಸಿತು. ಯಾರು ಹೋದರಪ್ಪ ಪಾಪ, ಅಂದುಕೊಂಡ. "ಅಯ್ಯೋ ನನ್ನ ಎರ್ಗಶಣ್ಣಾ!" ಎಂದಾಗ ಸೋಪಿನ ಉಂಡೆ ಕೈಜಾರಿತು. ಕೂಗಿ ಹೇಳೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಬೀದಿಯ ಕೊನೆಯಿಂದ ಮವ್ಜುದಾಳ ದನಿ ಬಂತು, ಅವನು ತೆರೆದ ಬಾಯನ್ನು ಮುಚ್ಚಿದ.

ಅವಳು ಕಾರ್ಖಾನೆಯಿಂದ ನಡೆದು ಬಂದವಳು ಬೆಂಚು ನೋಡಿದಳು, ಸೊಂಟಕ್ಕೆ ವಸ್ತ್ರ ಬಿಗಿದ ಗಂಡಸರನ್ನು ನೋಡಿದಳು. ಬೀದಿಯ ಹಿರಿಯ ನೂರ್ಮತ್ ಅಜ್ಜ, "ಸಮಾಧಾನ ಮಾಡ್ಕೋ ಮಗಳೇ," ಅಂದದ್ದೇ ತಡ, ಗೇಟಿನ ಬುಡದಲ್ಲೇ ಕುಸಿದು ಕುಳಿತಳು.

"ಅಯ್ಯೋ, ಬೆಳಿಗ್ಗೆ ನೆಟ್ಟಗಿದ್ರಲ್ಲಾ! ಒಂದು ಚೂರು ಸಕ್ಕರೆ ಕೊಡೇ ಅಂದ್ರು, ಇಲ್ಲ ಅಂದ್ಬಿಟ್ಟೆ! ಸೋಪಿನ ಚೂರನ್ನೂ ಜೋಪಾನ ಮಾಡ್ತಿದ್ರು! ಇಂಥ ಗಂಡ ಯಾರಿಗಿದ್ದಾನೆ ಈ ಊರಲ್ಲಿ? ಯಾರಿಗಿದ್ದಾನೆ ಹೇಳಿ!"

ಕೊಟ್ಟಿಗೆಯ ಹಿಂದೆ ಎರ್ಗಶ್‌ನಿಗೆ ಅಳು ಉಕ್ಕಿತು. ಅವಳಿಗೆ ತನ್ನ ಮೇಲೆ ಇಷ್ಟು ಪ್ರೀತಿಯಿದೆಯೇ! ಓಡಿಹೋಗಿ ಅವಳ ಕಣ್ಣೊರೆಸಬೇಕು ಎಂದು ಜೀವ ಹಾತೊರೆಯಿತು. ಆದರೆ ಹಾಳು ಹೊಟ್ಟೆಕಿಚ್ಚು ಕಾಲು ಹಿಡಿದು ನಿಲ್ಲಿಸಿತು. ಇನ್ನೊಂದು ನಿಮಿಷ ತಡೆಯೋಣ, ಆ ಒಂದು ಮಾತು ಇಂದು ಬಂದೇ ಬರುತ್ತದೆ! ಸೋಪಿನ ನೊರೆ ಕಣ್ಣಿಗಿಳಿದರೂ ಉರಿ ತಡೆದು ಕಿವಿ ನಿಮಿರಿಸಿದ.

"ಹೇಳಿ ಹೋಷಿಮಣ್ಣಾ," ಎಂದು ಮವ್ಜುದಾ ಬಿಕ್ಕಿದಳು. "ಖರ್ಚು ಹಿಡಿಯೋದ್ರಲ್ಲಿ ನಮ್ಮವರು ನಿಮಗಿಂತ..."

ಬಂತು! ಬಂತು! ಎರ್ಗಶ್ ಉಸಿರು ಬಿಗಿಹಿಡಿದ.

"ಸುಮ್ನಿರು ತಂಗೀ, ಅಳಬೇಡ," ಎಂದು ಹೋಷಿಮ್ ನಡುವೆ ಬಾಯಿ ಹಾಕಿದ. "ನಾನಿಲ್ವಾ? ಇವತ್ತಿನಿಂದ ನಿನ್ನ ಮನೆ ಖರ್ಚಿನ ಜವಾಬ್ದಾರಿ ನಂದು! ಎರ್ಗಶ್ ಒಳ್ಳೇವನೇ, ಆದ್ರೆ ಉಳಿಸೋದು ಅವನಿಗೆ ಗೊತ್ತಿರಲಿಲ್ಲ ಬಿಡು. ಬೇಕಾದ್ರೆ ದಿನಾ ಸಂಜೆ ಬಂದು ನಾನೇ ಹೇಳಿಕೊಡ್ತೀನಿ."

"ದಿನಾ ಸಂಜೇನಾ!"

ಹಿತ್ತಿಲು ನಡುಗುವಂತೆ ಗರ್ಜನೆ ಹೊರಟಿತು. ಹಗ್ಗದ ಮೇಲೆ ಒಣಗುತ್ತಿದ್ದ ಹಾಸಿಗೆಯ ಬಿಳಿ ಬಟ್ಟೆಯನ್ನು ಸರಕ್ಕನೆ ಸುತ್ತಿಕೊಂಡು, ಮುಖವೆಲ್ಲ ನೊರೆ, ಕಣ್ಣೆರಡೂ ಕೆಂಡ, ಎರ್ಗಶ್ ಗೇಟಿಗೆ ನುಗ್ಗಿದ. ಕಫನ್ ಬಟ್ಟೆ ಸುತ್ತಿದ ಹೆಣ ಎದ್ದು ಬಂದಿದೆ! ಬೆಂಚುಗಳು ಮಗುಚಿದವು. ಸಲೋಮತ್ ತಂದಿದ್ದ ಸೂಪಿನ ಪಾತ್ರೆಯನ್ನು ತಲೆಯ ಮೇಲಿಟ್ಟುಕೊಂಡು ಓಡಿದಳು. ಹೋಷಿಮ್ ಹಿಂದೆ ಹಿಂದೆ ಸರಿದು ಮನೆಯ ಮುಂದಿನ ನೀರಿನ ಕಾಲುವೆಗೆ ದೊಪ್ಪನೆ ಬಿದ್ದ.

"ಎರ್ಗಶಾ! ನಿನ್ನ ಆತ್ಮಕ್ಕೆ ಶಾಂತಿ ಸಿಗಲಪ್ಪಾ, ನಾನೇನೂ ಮಾಡಿಲ್ಲ!"

"ಆತ್ಮ ಅಲ್ಲ ಕಣೋ, ನಾನೇ! ನಾನು ಉಳಿದಿದ್ದೀನಿ! ಉಳಿಸೋದು ನಂಗೆ ಗೊತ್ತಿಲ್ವಾ?"

ಮವ್ಜುದಾ ಗಂಡನ ಮೂಗು ಮುಟ್ಟಿದಳು, ಕೆನ್ನೆ ಮುಟ್ಟಿದಳು, ಬಿಸಿ ಇದೆ ಎಂದು ಖಚಿತವಾದ ಮೇಲೆ ಅದೇ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಅವನ ಒದ್ದೆ ಎದೆಗೆ ಮುಖ ಒತ್ತಿ ಇನ್ನೊಂದು ಸುತ್ತು ಅತ್ತಳು.

ಇಷ್ಟರಲ್ಲಿ ಮುಗಿಯಿತೆಂದುಕೊಂಡಿರಾ? ನೂರ್ಮತ್ ಅಜ್ಜ ಗಡ್ಡ ನೀವಿಕೊಂಡ.

"ಸಾವಿನ ಬಾಯಿಂದ ಬಂದೋನು ದೇವರ ಹೆಸರಲ್ಲಿ ಕುರಿ ಕೊಯ್ದು ಬೀದಿಗೆ ಊಟ ಹಾಕ್ಬೇಕು. ಅದು ನಮ್ಮ ಹಿರಿಯರ ಪದ್ಧತಿ."

"ಅಜ್ಜಾ, ನಾನು ಸಾವಿನ ಬಾಯಿಗೆ ಹೋಗೇ ಇಲ್ವಲ್ಲ!"

"ನಾವೆಲ್ಲ ಅತ್ತಾಗಿದೆ. ಅಳು ವಾಪಸ್ ತಗೊಳ್ಳೋಕಾಗುತ್ತಾ?"

ಕುರಿ ಬಂತು. ದೊಡ್ಡ ಕಡಾಯಿ ಬಂತು. ಬೇಯಿಸಿದ್ದನ್ನು ತರುತ್ತಿದ್ದ ಏಳೂ ಮನೆಯವರು ದಾರಿಯಲ್ಲೇ ಪಾತ್ರೆ ತಿರುಗಿಸಿಕೊಂಡು ಹೋಗಿ, ಬರಿಗೈಯಲ್ಲಿ ಊಟಕ್ಕೆ ಬಂದು ಕುಳಿತರು. ಎರಡು ತಿಂಗಳು ಹಲ್ಲು ಕಚ್ಚಿ ಉಳಿಸಿದ್ದೆಲ್ಲ ಅಕ್ಕಿ, ಬೆಣ್ಣೆ, ಒಣದ್ರಾಕ್ಷಿಯಾಗಿ ಬೀದಿಯ ಹೊಟ್ಟೆ ಸೇರಿತು. ಅದನ್ನಾದರೂ ಸಹಿಸಬಹುದಿತ್ತು. "ನಿನ್ನಿಂದ ಹೋಷಿಮ್‌ನ ಬಟ್ಟೆ ಹಾಳಾಯ್ತು, ಹೊಸ ನಿಲುವಂಗಿ ಹೊದಿಸು," ಎಂದು ಅಜ್ಜ ಇನ್ನೊಂದು ತೀರ್ಪು ಕೊಟ್ಟ. ಹಬ್ಬಕ್ಕೆಂದು ತೆಗೆದಿಟ್ಟಿದ್ದ ಪಟ್ಟೆ ಪಟ್ಟೆಯ ರೇಷ್ಮೆ ನಿಲುವಂಗಿಯನ್ನು ಎರ್ಗಶ್ ತನ್ನ ಕೈಯಾರೆ ಆ ಮೇಷ್ಟ್ರ ಹೆಗಲಿಗೆ ಹೊದಿಸಿದ. ಮೇಲಾಗಿ ನಗಬೇಕಾಯಿತು! ಅಳತೆ ಕೂಡ ಅವನಿಗೇ ಹೊಲಿಸಿದಷ್ಟು ಸರಿಯಾಗಿತ್ತು.

ಎಲ್ಲರೂ ಹೋದ ಮೇಲೆ ಗಂಡ ಹೆಂಡತಿ ಇಬ್ಬರೇ ಚಪ್ಪರದ ಕೆಳಗೆ ಕುಳಿತರು. ಅವನು ಕೇಳುವ ಮೊದಲೇ ಮವ್ಜುದಾ ಚಹಾಗೆ ಎರಡು ಚೂರು ಸಕ್ಕರೆ ಹಾಕಿ ಅವನ ಮುಂದಿಟ್ಟಳು. ಎರ್ಗಶ್‌ನ ಎದೆ ತುಂಬಿತು. ಮೆಲ್ಲಗೆ ಕೆದಕಿದ:

"ಆಗ ಏನೋ ಹೇಳ್ತಿದ್ಯಲ್ಲ, 'ಖರ್ಚು ಹಿಡಿಯೋದ್ರಲ್ಲಿ ನಮ್ಮವರು ಹೋಷಿಮಣ್ಣನಿಗಿಂತ' ಅಂತ. ಅರ್ಧಕ್ಕೇ ನಿಂತುಹೋಯ್ತು. ಪೂರ್ತಿ ಹೇಳು."

ಮವ್ಜುದಾ ಖಾಲಿ ಕಡಾಯಿಯನ್ನೊಮ್ಮೆ ನೋಡಿದಳು, ಮೂಲೆಯಲ್ಲಿ ಬಿದ್ದಿದ್ದ ಕುರಿಯ ಚರ್ಮವನ್ನೊಮ್ಮೆ ನೋಡಿದಳು. ನಿಟ್ಟುಸಿರುಬಿಟ್ಟಳು.

"ರೀ, ಏಳು ಮನೆಯವರು ಮೂರು ದಿನದ ಪುಕ್ಕಟೆ ಊಟ ಹೊತ್ಕೊಂಡು ಗೇಟಿನ ತನಕ ಬಂದಿದ್ರು. ನಿಮ್ಮ ಜಾಗದಲ್ಲಿ ಹೋಷಿಮಣ್ಣ ಇದ್ದಿದ್ರೆ, ಮೂರು ದಿನ ಸುಮ್ನೆ ಮಲಗಿದ್ದು ಆಮೇಲೆ ಏಳ್ತಿದ್ರು!"