ಮೇಷ್ಟ್ರ ಕಾರಿನ ಪೆಟ್ರೋಲ್ ಮುಳ್ಳು

ನಂಜನಗೂಡಿನಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡಿಕೊಂಡಿದ್ದೇನೆ. ನಾನು ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುವುದು ಮೊದಲಿನಿಂದಲೂ ನಡೆದುಬಂದಿದೆ. ನೆನೆಸಿಕೊಂಡರೆ ನಗು ಬರುತ್ತದೆ, ಹಿಂದೆಯೇ ಸಂಕಟವೂ ಆಗುತ್ತದೆ. ಈ ಮೇಷ್ಟ್ರ ಕಾರಿನ ವಿಷಯದಲ್ಲಿ ಸಂಕಟವೇ ಹೆಚ್ಚು.

೧. ಹಿಂದಿನ ಸೀಟು

ತಿ. ನರಸೀಪುರದ ರಿಟೈರ್ಡ್ ಮೇಷ್ಟ್ರೊಬ್ಬರು ಹಳೇ ಕಾರು ತಂದರು. ನಲವತ್ತು ವರ್ಷದ ಗಾಡಿ, ಕನ್ನಡಿ ಹಾಗೆ ಒರೆಸಿ ಇಟ್ಟಿದ್ದರು. ಬಂದದ್ದು ಡೈನಮೋ ತೋರಿಸಲು. ನನ್ನ ಕಣ್ಣು ಹೋದದ್ದು ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಮುಳ್ಳಿನ ಕಡೆ. ಗಾಡಿ ಕುಲುಕಿದರೂ ಅರ್ಧ ಬಿಟ್ಟು ಕದಲಲಿಲ್ಲ.

"ಇದು ಕೆಟ್ಟು ಎಷ್ಟು ದಿನ ಆಯ್ತು ಸಾ?"

"ದಿನ ಏನು ಬಂತು, ಹದಿನೈದು ವರ್ಷ. ಅದು ಇವಳ ಡಿಪಾರ್ಟ್‌ಮೆಂಟು" ಅಂತ ಹಿಂದಿನ ಸೀಟು ತೋರಿಸಿದರು.

ಅಲ್ಲಿ ಅವರ ಹೆಂಡತಿ ಕೂತಿದ್ದರು. ಬೆನ್ನ ಹಿಂದೆಯೇ ಟ್ಯಾಂಕು. ಪೆಟ್ರೋಲ್ ಕುಲುಕುವ ಸದ್ದು ಕೇಳಿ ಎಷ್ಟಿದೆ ಅಂತ ಹೇಳುತ್ತಿದ್ದರಂತೆ.

"ಈಗ ನಾಲ್ಕು ಬೆರಳು ಅದೆ ಕಣಪ್ಪ" ಅಂದರು.

ನಂಬದೆ ಕಡ್ಡಿ ಇಳಿಬಿಟ್ಟು ನೋಡಿದೆ. ಮೂರೂವರೆ.

"ನಿನ್ ಬೆರಳು ದಪ್ಪ" ಅಂದರು ಅಮ್ಮ.

೨. ಏರುವ ಮುಳ್ಳು

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗಿತ್ತು. ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಒಂದು ಬುಂಡೆ, ಅದಕ್ಕೊಂದು ಕಡ್ಡಿ ಇರುತ್ತದೆ. ಬುಂಡೆ ಏರಿಳಿದಂತೆ ಮುಂದೆ ಮುಳ್ಳು ಆಡುತ್ತದೆ. ಇವರದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅಂಥದ್ದೇ ಎಲ್ಲೂ ಸಿಗದೆ ಬೇರೆ ಕಾರಿನದು ತಂದು ಕೂರಿಸಿದೆ. ಅದು ಉಲ್ಟಾ ತೋರಿಸುವ ಜಾತಿ ಅಂತ ಗೊತ್ತಾಗಲಿಲ್ಲ. ಅರ್ಧ ಟ್ಯಾಂಕು ಹಾಕಿ ನೋಡಿದೆ, ಮುಳ್ಳೂ ಅರ್ಧ ತೋರಿಸಿತು. ಕಳಿಸಿಬಿಟ್ಟೆ.

ಮುಂದಿನ ವಾರ ಹೆಡತಲೆ ಊರಿನಲ್ಲಿ ಆ ಅಮ್ಮನ ತಮ್ಮನ ಮೊಮ್ಮಗುವಿಗೆ ನಾಮಕರಣ. ಕಿವಿಯಲ್ಲಿ ಹೆಸರು ಹೇಳಬೇಕಾದವರು ಅಮ್ಮ. ದಾರಿಯಲ್ಲಿ ಎರಡು ಸಲ "ಮುಗೀತಾ ಬಂತು ಕಣ್ರೀ" ಅಂದರಂತೆ. "ಮುಳ್ಳು ನೋಡೇ, ಏರ್ತಾ ಅದೆ" ಅಂದರಂತೆ ಮೇಷ್ಟ್ರು. ಗಾಡಿ ಊರಾಚೆ ನಿಂತಿತು. ಇವರು ನಡೆದು ಹೋಗುವಷ್ಟರಲ್ಲಿ ಮುಹೂರ್ತ ಮೀರುತ್ತದೆಂದು ಬೇರೆ ಯಾರೋ ಹೆಸರು ಹೇಳಿಯಾಗಿತ್ತು.

ಮೇಷ್ಟ್ರು ಫೋನ್ ಮಾಡಿದರು. "ಗಾಡಿ ನಿಂತೋಗಿದೆ ಕಣಯ್ಯ. ಟ್ಯಾಂಕು ಮಾತ್ರ ಫುಲ್ಲು."

೩. ಸರಿಯಾದ ಮುಳ್ಳು

ತಪ್ಪು ನನ್ನದು. ಅವರ ಹಳೇದನ್ನೇ ತೆಗೆದುಕೊಂಡು, ತುಕ್ಕು ಬಿಡಿಸಿ, ತೂತಾದ ಬುಂಡೆಗೆ ಬೆಸುಗೆ ಹಾಕಿ, ಮೂರು ದಿನ ಕೂತು ಮಾಡಿದೆ. ಮುಳ್ಳು ಕೂದಲೆಳೆಯಷ್ಟೂ ತಪ್ಪಲಿಲ್ಲ. ನನ್ನ ಕೈಯಿಂದ ಅಷ್ಟು ಚೆನ್ನಾದ ಕೆಲಸ ಇನ್ನೊಂದು ಆಗಿಲ್ಲ.

ತಿಂಗಳ ಮೇಲೆ ಮೇಷ್ಟ್ರು ಒಬ್ಬರೇ ಬಂದರು. ಹಿಂದಿನ ಸೀಟಿನಲ್ಲಿ ಬೂಸಾ ಮೂಟೆ.

"ಅಮ್ಮ ಬರಲಿಲ್ವಾ ಸಾ?"

"ಕರೆದೆ. ಮುಳ್ಳು ಅದೆಯಲ್ಲ, ಅದನ್ನೇ ಕರ್ಕೊಂಡೋಗಿ ಅಂದ್ಲು." ಸ್ಟೇರಿಂಗ್ ಸವರಿದರು. "ದಾರಿ ಪೂರ್ತಿ ಮಾತಿಲ್ಲ ಕಣಯ್ಯ. ಆ ಮುಳ್ಳನ್ನ ಕೆಡಿಸಿಕೊಡು."

ಬಗ್ಗಿ ಮುಳ್ಳಿನ ವೈರು ಕಿತ್ತೆ. ಒಂದು ನಿಮಿಷವೂ ಹಿಡಿಯಲಿಲ್ಲ.

"ಇದೊಂದು ಕೆಲಸ ಮೊದಲನೇ ಸಲಕ್ಕೇ ಸರಿಯಾಗಿ ಮಾಡಿದೆ ನೋಡು" ಅಂದರು ಮೇಷ್ಟ್ರು.

೪. ಹಾರನ್ನು

ಮುಂದಿನ ಸಲ ಅಮ್ಮನೂ ಬಂದರು. ಮುಳ್ಳು ತಾನಾಗೇ ಕೆಟ್ಟಿತು ಅಂತ ಮೇಷ್ಟ್ರು ಮನೆಯಲ್ಲಿ ಹೇಳಿದ್ದರು.

"ಏನಪ್ಪಾ, ಎರಡ್ ತಿಂಗ್ಳೂ ಬರ್ಲಿಲ್ವಲ್ಲ ನಿನ್ ರಿಪೇರಿ. ಯಾರತ್ರ ಕೆಲ್ಸ ಕಲ್ತೆ?"

ಮೇಷ್ಟ್ರು ಎತ್ತಿದ್ದ ಬಾನೆಟ್ಟಿನ ಹಿಂದೆ ಮುಖ ಮರೆಸಿಕೊಂಡರು.

"ತಪ್ಪಾಯ್ತಮ್ಮ" ಅಂದೆ. ನಾಮಕರಣದ ದಿನದ್ದಕ್ಕೂ ಸೇರಿಸಿಯೇ ಹೇಳಿದ್ದು. ಅವರಿಗೆ ಅದು ತಿಳಿಯಿತೋ ಇಲ್ಲವೋ.

"ಹೋಗ್ಲಿ ಬುಡು. ಹಾರನ್ನಾದ್ರೂ ಮಾಡಕ್ ಬತ್ತದಾ? ಕೆಟ್ಟು ಎಂಟ್ ದಿನ ಆಯ್ತು. ದನ ಅಡ್ಡ ಬಂದ್ರೆ ಕಿಟಕೀಲಿ ತಲೆ ಹಾಕಿ ನಾನೇ ಕೂಗ್ತಾ ಇವ್ನಿ."

ಬಗ್ಗಿ ನೋಡಿದೆ. ಹಾರನ್ನಿನ ವೈರನ್ನು ಯಾರೋ ನೀಟಾಗಿ ಬಿಚ್ಚಿ, ತುದಿಗೆ ಟೇಪು ಸುತ್ತಿ ಇಟ್ಟಿದ್ದರು. ಮೇಷ್ಟ್ರ ಮುಖ ನೋಡಿದೆ. ಅವರು ಆಕಾಶ ನೋಡುತ್ತಿದ್ದರು.

"ಹಾರನ್ ಕೆಲ್ಸ ನಾನು ಕಲ್ತೇ ಇಲ್ಲಮ್ಮ" ಅಂದೆ.