ಸಿಮೆಂಟ್ ಬಂಗಲೆಗೆ ಸುಣ್ಣ

ಎಪ್ಪತ್ತರ ದಶಕದ ಮಾತು. ನಮ್ಮ ಅಡಿಗೆಮನೆಯಲ್ಲಿ ಒಂದು ಪಲ್ಲಕ್ಕಿ ಇತ್ತು. ನಡುಮನೆಯಲ್ಲಿ ವೀರಗಲ್ಲು, ಮಂಚದ ಕೆಳಗೆ ಕಾಳು ಅಳೆಯುವ ಹಳೆಯ ಕೊಳಗ, ಸೇರು. ಡ್ರಾಯಿಂಗ್ ಮಾಸ್ತರನಾದ ನಾನು ಊರೂರು ತಿರುಗಿ ಕೂಡಿಹಾಕಿದ ಅಮೂಲ್ಯ ಸಂಪತ್ತು. ಪಲ್ಲಕ್ಕಿಗೆ ಮೊಣಕಾಲು ಬಡಿದುಕೊಂಡ ದಿನ ಹೆಂಡತಿ ಶಾಂತವ್ವ, “ಅಮಾಸಿಯೊಳಗ ಇವೆಲ್ಲಾ ಹೊರಗ ಹೋಗ್ಬೇಕು. ಇಲ್ಲಾಂದ್ರ ನಾ ತವರಿಗೆ ಹೋಗ್ತೀನಿ” ಎಂದಳು.

ದಾರಿ ತಾನಾಗಿಯೇ ಸಿಕ್ಕಿತು. ಅಣ್ಣಿಗೇರಿ ಹತ್ತಿರದ ನಮ್ಮೂರಲ್ಲಿ, ತೀರಿಹೋದ ಅರಳೆ ವ್ಯಾಪಾರಿಯೊಬ್ಬರು ಮುಂಬಯಿಯ ಇಂಜಿನಿಯರನ್ನು ಕರೆಸಿ ಕಟ್ಟಿಸಿದ ಬಂಗಲೆ ಹತ್ತು ವರ್ಷದಿಂದ ಬೀಗ ಹಾಕಿಕೊಂಡು ನಿಂತಿತ್ತು. ಬಣ್ಣವಿಲ್ಲದ ಬೂದು ಸಿಮೆಂಟಿನ ಗೋಡೆ, ಕನ್ನಡಿಯಂಥ ಕಪ್ಪು ನೆಲ. ಅವರ ಹೆಂಡತಿ ಗಂಗವ್ವನವರು ಕುಬಿಹಾಳದ ತಮ್ಮನ ಮನೆಯಲ್ಲಿದ್ದರು. ಮ್ಯೂಸಿಯಂ ಮಾಡುವುದಾದರೆ ಬರೆದುಕೊಡುತ್ತೇನೆ ಎಂದರು. ಧಾರವಾಡದಿಂದ ಮ್ಯೂಸಿಯಂ ಇಲಾಖೆಯ ಸಾಹೇಬರೊಬ್ಬರು ಬಂದು ನೋಡಿ, “ಇಂಥಾ ಕಟ್ಟಡ ಈ ಕಡೆ ಇನ್ನೊಂದಿಲ್ರೀ. ಸೋರೂದಷ್ಟ ನಿಲ್ಲಸ್ರಿ, ಉಳದದ್ದು ಇದ್ದಂಗ ಇರ್ಲಿ. ಹದಿನೈದ ದಿನಾ ಬಿಟ್ಟು ಬಂದು ಮಂಜೂರು ಮಾಡ್ತೀನಿ” ಎಂದರು. ಸೋರುವುದನ್ನು ನಿಲ್ಲಿಸುವುದೂ ಒಂದು ಕೆಲಸವೇ? ಗಂಗವ್ವನವರಿಂದ ಬೀಗದ ಕೈ ಇಸಿದುಕೊಂಡೆ.

ನಮ್ಮ ಕಡೆ ಮಾಳಿಗೆ ಸೋರಿದರೆ ಸವಳು ಮಣ್ಣು ಹರಡುತ್ತಾರೆ. ನಾನೂ ಎಂಟು ಚಕ್ಕಡಿ ಮಣ್ಣು ಹೇರಿಸಿದೆ. ಬೆಳಕು ಬರಲೆಂದು ಮಾಳಿಗೆಗೆ ನಾಲ್ಕು ದುಂಡು ಗಾಜು ಕೂಡಿಸಿದ್ದರು. ಸೋರುತ್ತಿದ್ದದ್ದೇ ಅವುಗಳ ಅಂಚಿನಿಂದ. ಅಲ್ಲಿಗೆ ನಾಲ್ಕು ಬುಟ್ಟಿ ಹೆಚ್ಚಿಗೆ ಸುರಿಸಿದೆ. ಸೋರುವುದು ನಿಂತಿತು. ಬೆಳಕೂ ನಿಂತಿತು.

“ಸುಣ್ಣಾ ಬಳದ್ರ ಬೆಳಕಾಗ್ತೈತ್ರಿ ಮಾಸ್ತರ” ಎಂದ ಗೌಂಡಿ ಫಕೀರಪ್ಪ. ನಿಜ ಅನ್ನಿಸಿತು. ಒಳಗೂ ಹೊರಗೂ ಬಳಿಸಿದೆ. ಸುಣ್ಣ ಬಂದ ಮೇಲೆ ಕೆಳಗೊಂದು ಕೆಮ್ಮಣ್ಣಿನ ಪಟ್ಟಿ ಬೇಡವೇ? ಪಟ್ಟಿ ಎಳೆದ ಮೇಲೆ ಡ್ರಾಯಿಂಗ್ ಮಾಸ್ತರನ ಕೈ ಸುಮ್ಮನಿರುತ್ತದೆಯೇ? ಬಾಗಿಲಿನ ಎರಡೂ ಬಾಜು ಒಂದೊಂದು ಗಿಳಿ ಬರೆದೆ.

ಸುಣ್ಣ ಕಪ್ಪು ನೆಲದ ತುಂಬ ಸಿಡಿದಿತ್ತು. ಎಷ್ಟು ತಿಕ್ಕಿದರೂ ಹೋಗಲೊಲ್ಲದು. ಮರುದಿನ ಸಾಹೇಬರು ಬರುವವರು, ಅಮಾವಾಸ್ಯೆಗೆ ಮೂರೇ ದಿನ. ನನಗೆ ಅಳುವುದೊಂದು ಬಾಕಿ. ಪಲ್ಲಕ್ಕಿ ಮನೆಬಿಟ್ಟು ಹೋದರೆ ಸಾಕೆಂದು ಶಾಂತವ್ವನೇ ಸೆರಗು ಸಿಕ್ಕಿಸಿ ಬಂದು, ನೆಲವನ್ನೆಲ್ಲ ಸಗಣಿಯಿಂದ ಸಾರಿಸಿಕೊಟ್ಟಳು.

ಸಾಹೇಬರು ಹೊಸ್ತಿಲಲ್ಲಿ ನಿಂತು ಸುತ್ತ ನೋಡಿದರು. “ಮನಿ ಅಗದಿ ಚಲೋ ಇಟ್ಟೀರಿ ಮಾಸ್ತರ. ನಡೀರಿ, ಬಂಗಲೇಕ ಹೋಗೂಣು.”

ನಾನು ಗಿಳಿಯ ಮುಖ ನೋಡಿದೆ. “ಇದ ಬಂಗಲೆ ರೀ.”

ಅವರು ಹೋಗಿ ಜೀಪಿನಲ್ಲಿ ಕೂತುಬಿಟ್ಟರು. ಕಡೆಗೆ, “ಮಣ್ಣು ತಗೀರಿ, ಸುಣ್ಣಾ ಕೆರೀರಿ. ಆಮ್ಯಾಲೆ ನೋಡೂಣು” ಎಂದರು. ನನಗೆ ಹೋದ ಜೀವ ಬಂತು.

ಅಷ್ಟರಲ್ಲಿ ಬಂಗಲೆ ಬರೆದುಕೊಡಲು ಗಂಗವ್ವನವರು ತಮ್ಮನ ಜೊತೆ ಬಂದರು. ಗೋಡೆ ಸವರಿದರು, ನೆಲ ಮುಟ್ಟಿದರು, ಗಿಳಿ ನೋಡಿ ಕಣ್ಣೊರೆಸಿಕೊಂಡರು. “ಇಪ್ಪತ್ತ ವರ್ಷ ಈ ಸಿಮೆಂಟಿನ ಪೆಟಿಗ್ಯಾಗ ಕುಂತಿದ್ದೆ ಮಾಸ್ತರ. ಸುಣ್ಣಾ ಹಚ್ಚೂಣ್ರಿ ಅಂದ್ರ ನಮ್ಮ ಯಜಮಾನ್ರು ಬೈತಿದ್ರು. ಈಗರ ಇದು ಮನಿ ಆತು ನೋಡ್ರಿ” ಎಂದು ತಮ್ಮನ ಕಡೆ ತಿರುಗಿ, “ನನ್ನ ಹಾಸಿಗಿ ತರಸೋ. ನಾ ಇಲ್ಲೇ ಇರಾಕಿ” ಎಂದರು. ಸುಣ್ಣ ಕೆರೆಯುವುದಿರಲಿ, ಗಿಳಿಯ ಹತ್ತಿರವೂ ಹೋಗಗೊಡಲಿಲ್ಲ.

ಅಮಾವಾಸ್ಯೆ ಬಂತು. ಶಾಂತವ್ವ ತವರಿಗೆ ಹೋಗಲಿಲ್ಲ. “ನಾ ಯಾಕ ಹೋಗ್ಲಿ?” ಎಂದು ಪಲ್ಲಕ್ಕಿ, ವೀರಗಲ್ಲು, ಕೊಳಗ ಎಲ್ಲವನ್ನೂ ಹಿತ್ತಲಿನ ಎಮ್ಮೆಯ ಕೊಟ್ಟಿಗೆಗೆ ಸಾಗಿಸಿದಳು. ಕೊನೆಯದಾಗಿ ನನ್ನ ಹಾಸಿಗೆಯನ್ನೂ. ಅಂದಿನಿಂದ ನಾನು ಪಲ್ಲಕ್ಕಿಯಲ್ಲಿಯೇ ಮಲಗುತ್ತೇನೆ. ಕಾಲು ಮಡಚಿಕೊಂಡರೆ ಸರಿಯಾಗಿ ಹಿಡಿಸುತ್ತೇನೆ.