ಕರೆಂಟ್ ಬಂತೆಂದು ಫೋನ್ ಮಾಡುವವರು

ಕರೆಂಟ್ ಹೋಯಿತೆಂದು ಫೋನ್ ಮಾಡದವರನ್ನು ನಾನು ಕಂಡಿಲ್ಲ. ಬಂತೆಂದು ಫೋನ್ ಮಾಡಿದವರನ್ನೂ ಕಂಡಿಲ್ಲ. ಮನುಷ್ಯರ ಬಗ್ಗೆ ನನಗಿರುವ ತಿಳಿವಳಿಕೆಯೆಲ್ಲ ಇಷ್ಟೇ. ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ, ವಿದ್ಯುತ್ ದೂರು ಕೇಂದ್ರದ ಕುರ್ಚಿಯಲ್ಲಿ ಕುಳಿತು, ಸಂಜೆಯವರೆಗೆ ಬೈಗುಳ ತಿಂದು ಬರುವುದು ನನ್ನ ನೌಕರಿ. ತಂತಿ ಕಡಿದದ್ದು ಗಾಳಿ, ಫ್ಯೂಸ್ ಸುಟ್ಟದ್ದು ಅಳಿಲು, ಬೈಸಿಕೊಳ್ಳುವವನು ನಾನು. ಯಾರು ಏನೇ ಅಂದರೂ, ದೂರಿನ ಪುಸ್ತಕದಲ್ಲಿ ಬರೆಯುತ್ತಾ ನನ್ನದು ಒಂದೇ ಉತ್ತರ: "ಹೌದ್ರಿ, ಬರಕೊಂಡೀನ್ರಿ." ಕೊಹಿನೂರು ಎಂಬ ಹಳ್ಳಿಯ ಹಿರಿಯರೊಬ್ಬರು ನನ್ನ ಏಳು ತಲೆಮಾರನ್ನು ಜಾಲಾಡಿದ ಮೇಲೆ, "ನಿಮ್ಮ ಮ್ಯಾಲ ಸಿಟ್ಟಿಲ್ರಿ, ಕರೆಂಟಿನ ಮ್ಯಾಲ" ಎಂದು ಸಮಾಧಾನ ಹೇಳಿದರು. ಕರೆಂಟಿಗೆ ಕಿವಿಯಿಲ್ಲ, ನನಗಿವೆ. ಆದರೂ ನನ್ನದು ಎಮ್ಮೆಯ ಚರ್ಮವಾದ್ದರಿಂದ ಹೇಗೋ ನಡೆದಿತ್ತು.

ಪಕ್ಕದ ಮೇಜಿನ ರೇಖಾಳದು ಅಂಥ ಚರ್ಮವಲ್ಲ. ಹುಮನಾಬಾದಿನ ಬಜಾರಿನಲ್ಲಿ ಅವಳ ಅಪ್ಪನದು ಕಿರಾಣಿ ಅಂಗಡಿ. ಬಂದ ಹೊಸತರಲ್ಲಿ ಅವಳು ಫೋನ್ ಎತ್ತುವ ಉಮೇದು ನೋಡಿದರೆ ಬೀಗರ ಮನೆಯಿಂದ ಕರೆ ಬಂದಿದೆಯೋ ಏನೋ ಅನ್ನಿಸುತ್ತಿತ್ತು. ಬರಬರುತ್ತಾ ಫೋನ್ ಗಂಟೆ ಬಾರಿಸಿದರೆ ಹುಡುಗಿಯ ಭುಜ ಕುಗ್ಗತೊಡಗಿತು. ಉಮೇದು ಇಳಿದದ್ದು ಮೇಲಿನವರಿಗೂ ಗೊತ್ತಾಗಿ, ತರಬೇತಿಗೆಂದು ಒಬ್ಬರನ್ನು ಕರೆಸಿದರು. ಬೂಟು ಥಳಥಳ ಹೊಳೆಯುತ್ತಿದ್ದ ಆ ಮನುಷ್ಯ, "ನಗುತ್ತಾ ಫೋನ್ ಎತ್ತಿ, ನಗು ತಂತಿಯಲ್ಲಿ ಹರಿಯುತ್ತದೆ" ಎಂದರು. ಕರೆಂಟೇ ಹರಿಯದ ತಂತಿಯಲ್ಲಿ ನಗು ಹೇಗೆ ಹರಿಯುತ್ತದೆಂದು ಕೇಳುವ ಮನಸ್ಸಾಯಿತು. ಕೊನೆಗೆ, ತರಬೇತಿ ಮುಗಿದರೆ ಚಹಾದ ಜೊತೆ ಬಿಸಿ ಭಜಿ ಇದೆಯೆಂದು ಸುಮ್ಮನಾದೆ.

ಮರುದಿನ ರೇಖಾ ನಗುತ್ತಲೇ ಫೋನ್ ಎತ್ತಿದಳು. "ನಾವಿಲ್ಲಿ ಕತ್ತಲದಾಗ ಕುಂತೇವಿ, ನಿನಗ ನಗಿ ಬರಾಕತ್ತದೇನವಾ?" ಎಂದಿತು ಆ ಕಡೆಯ ದನಿ. ಅವತ್ತು ಅವಳು ಊಟದ ಡಬ್ಬಿ ತೆರೆಯಲೇ ಇಲ್ಲ.

"ಕಾಕಾ, ಈ ತಿಂಗಳು ಮುಗಿಸಿ ಬಿಡ್ತೀನ್ರಿ. ಅಪ್ಪನ ಅಂಗಡ್ಯಾಗ ಕೂಡ್ತೀನಿ. ಅಲ್ಲಿ ಬೈದವ್ರೂ ಹೋಗುವಾಗ ಸಕ್ಕರಿ ಒಯ್ತಾರ" ಎಂದಳು.

ನನಗೆ ನಿಜಕ್ಕೂ ಸಂಕಟವಾಯಿತು. ಕತ್ತಲೆಂದು ಹೆದರಿದ ಮುದುಕಿಯ ಜೊತೆ, ಲೈನ್‌ಮನ್ ಬಂದು ಮುಟ್ಟುವತನಕ ಅದೂ ಇದೂ ಮಾತಾಡುತ್ತಾ ಕೂರುವ ಹುಡುಗಿ ಅವಳು. ಜೊತೆಗೆ, ಅವಳು ಹೋದರೆ ಎರಡೂ ಫೋನು ನನ್ನ ಕೊರಳಿಗೇ ಎಂಬ ಭಯವೂ ಇತ್ತು. ಸಂಕಟ ಹೆಚ್ಚೋ ಭಯ ಹೆಚ್ಚೋ ಎಂದು ನಾನು ತೂಗಿ ನೋಡಲು ಹೋಗಲಿಲ್ಲ.

ಮನೆಗೆ ಬಂದು ಹೆಂಡತಿ ಶರಣಮ್ಮನಿಗೆ ಪಾಠ ಹೇಳಿಕೊಟ್ಟೆ. "ನಾಳೆ ನಮ್ಮ ಆಫೀಸಿಗೆ ಫೋನ್ ಮಾಡು. ನಾರಾಯಣಪುರದಿಂದ ಮಾತಾಡಾಕತ್ತೇನಿ ಅನ್ನು. ಕರೆಂಟ್ ಬಂತು, ಭಾಳ ಉಪಕಾರ ಆತು ಅಂದು ಇಟ್ಟುಬಿಡು."

"ಇಷ್ಟಕ್ಕ ಯಾರರ ಫೋನ್ ಮಾಡ್ತಾರೇನ್ರಿ?"

"ಮಾಡಂಗಿಲ್ಲ. ಅದಕ್ಕ ನೀ ಮಾಡು."

ಮರುದಿನ ಕರೆ ರೇಖಾಳಿಗೇ ಹೋಗಲೆಂದು ನನ್ನ ಫೋನನ್ನು ಎತ್ತಿ ಬದಿಗಿಟ್ಟು ಕುಳಿತೆ. ನಮ್ಮ ಫೋನುಗಳ ದನಿ ದೊಡ್ಡದು, ಪಕ್ಕದ ಮೇಜಿಗೂ ಪಾಲು ಸಿಗುತ್ತದೆ. ಶರಣಮ್ಮ ಚೆನ್ನಾಗಿಯೇ ಶುರು ಮಾಡಿದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮಿಕ್ಸರ್. ನಮ್ಮ ಮನೆಯಲ್ಲಿ ಉಪಕಾರ ಸ್ಮರಣೆಗೆಂದು ಅಡುಗೆ ನಿಲ್ಲುವುದಿಲ್ಲ. "ನಾರಾಯಣಪುರದಿಂದ ಮಾತಾಡಾಕತ್ತೇನ್ರಿ. ಕರೆಂಟ್ ಬಂತ್ರಿ, ಭಾಳ ಉಪಕಾರ ಆತ್ರಿ" ಎಂದಾಗ ರೇಖಾಳ ಮುಖ ಅರಳುವುದನ್ನು ನಾನೇ ಕಂಡೆ. ಅಷ್ಟರಲ್ಲಿ ಆ ಕಡೆ ಗರಗರ ಎನ್ನುತ್ತಿದ್ದ ಮಿಕ್ಸರ್ ಗಪ್ಪಾಯಿತು.

"ಅಯ್ಯ, ಹೋತ್ ನೋಡ್ರಿ! ಶೇಂಗಾ ಚಟ್ನಿ ಅರ್ಧಕ್ಕ ನಿಂತದ! ಏನ್ ಮಾಡಾಕತ್ತೀರಿ ಅಲ್ಲಿ ಕುಂತು? ಬರೇ ಪಗಾರ ಎಣಸಾಕ ಇದ್ದೀರೇನು?"

"ಯಾವ ಊರ್ರೀ?" ರೇಖಾ ಅಭ್ಯಾಸಬಲದಿಂದ ಕೇಳಿದಳು.

"ಕಲ್ಯಾಣ್ರಿ, ಕೋಟಿ ಹಂತ್ಯಾಕ!"

"ಈಗ ನಾರಾಯಣಪುರ ಅಂದ್ರಲ್ರಿ?" ಬಸವಕಲ್ಯಾಣದ ಕೋಟೆಯ ಹತ್ತಿರವೇ ನಮ್ಮ ಮನೆಯೆಂದು ಅವಳಿಗೆ ಗೊತ್ತಿತ್ತು. "ಕಾಕೂ, ನೀವೇನ್ರಿ?"

ನಾನು ಖಾಲಿ ಫೋನನ್ನು ಕಿವಿಗೆ ಒತ್ತಿಕೊಂಡು "ಹೌದ್ರಿ, ಬರಕೊಂಡೀನ್ರಿ" ಎನ್ನತೊಡಗಿದೆ. ಏನೂ ಉಪಯೋಗವಾಗಲಿಲ್ಲ. ರೇಖಾ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು, ಒರೆಸಿಕೊಂಡದ್ದು ನಗುವಿಗೆ ಬೇಕಾದುದಕ್ಕಿಂತ ಜರಾ ಹೆಚ್ಚೇ ಆಯಿತು. "ಸುಳ್ಳು ಇದ್ರೂ ಕೇಳಾಕ ಛಲೋ ಅನಿಸ್ತು ಕಾಕಾ. ಇಲ್ಲಿ ಕುಂತಾಗಿಂದ ಒಬ್ರೂ ಹಂಗ ಅಂದಿದ್ದಿಲ್ಲ" ಎಂದಳು. ಆಮೇಲೆ ಲೈನ್‌ಮನ್‌ಗೆ ಹೇಳಿ ನಮ್ಮ ಓಣಿಯ ಫ್ಯೂಸ್ ಹಾಕಿಸಿ, ತಾನೇ ಶರಣಮ್ಮನಿಗೆ ಫೋನ್ ಹಚ್ಚಿದಳು. "ಬಂತೇನ್ರಿ ಕಾಕೂ?" ಈ ಸಲ ಶರಣಮ್ಮ ಅಂದದ್ದು ನಾನು ಕಲಿಸಿದ್ದಲ್ಲ: "ಬಂತವಾ. ನಿನ್ನ ಹೊಟ್ಟಿ ತಣ್ಣಗಿರ್ಲಿ."

ಅಂದಿನಿಂದ ರೇಖಾ ಹೊಸ ರೂಢಿ ಹಚ್ಚಿಕೊಂಡಿದ್ದಾಳೆ. ಪುರುಸೊತ್ತಾದಾಗ, ಬೈದವರಿಗೇ ತಿರುಗಿ ಫೋನ್ ಮಾಡಿ "ಬಂತೇನ್ರಿ?" ಎಂದು ಕೇಳುತ್ತಾಳೆ. ಬೈದವರು ಗಡಬಡಿಸಿ, "ಬಂತ್ರಿ, ನಿಮ್ದು ಊಟ ಆತೇನ್ರಿ?" ಎನ್ನುತ್ತಾರೆ. ಘಾಟಬೋರಾಳದ ಒಬ್ಬಾಕೆ ಹಸಿ ಕಡ್ಲಿ ಕಳಿಸ್ಲೇನವಾ ಎಂದು ಕೇಳಿದ್ದಳು. ಅಂಗಡಿಯ ಮಾತು ಸದ್ಯಕ್ಕೆ ಮುಂದಿನ ತಿಂಗಳಿಗೆ ಹೋಗಿದೆ. ಮುಂದಿನ ತಿಂಗಳೂ ಹಾಗೇ ಮುಂದೆ ಹೋಗಲಿ ಎಂದು ನಾನು ದೇವರಿಗೆ ಕೈ ಮುಗಿಯುತ್ತೇನೆ.

ಈ ಜಯದ ಕಥೆಯನ್ನು ಊಟಕ್ಕೆ ಕುಳಿತಾಗ ಶರಣಮ್ಮನಿಗೆ ವಿಸ್ತಾರವಾಗಿ ಹೇಳಿದೆ. ದುಡಿಯುವ ಮನುಷ್ಯನಿಗೆ ಒಂದು ಒಳ್ಳೆಯ ಮಾತು ಎಷ್ಟು ದೊಡ್ಡದೆಂದು ಆ ತರಬೇತಿಯವನಿಗಿಂತ ಚೆನ್ನಾಗಿಯೇ ಭಾಷಣ ಮಾಡಿದೆ. ನಡುವೆ, ಪಲ್ಯಕ್ಕೆ ಉಪ್ಪು ಜರಾ ಕಡಿಮೆಯಾಗಿದೆ ಎಂದೂ ತಿಳಿಸಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಆ ಹುಡುಗಿಗಿ ಛಲೋ ಮಾತ್ ಹೇಳಾಕ ನನ್ನ ಕಡಿಂದ ಫೋನ್ ಮಾಡಿಸಿದ್ರಿ" ಎಂದಳು. "ದಿನಾ ರೊಟ್ಟಿ ಬಡಿಯೋ ನನಗ ಯಾರ ಕಡಿಂದ ಮಾಡಿಸ್ತೀರಿ?"

ಇಷ್ಟು ವರ್ಷ ಕೇಳಿಸಿಕೊಂಡ ದೂರುಗಳಲ್ಲಿ ನಿಜಕ್ಕೂ ನನ್ನ ಮೇಲೇ ಬಂದದ್ದು ಇದೊಂದೇ. ತುತ್ತು ಕೈಯಲ್ಲಿತ್ತು, ಬಾಯಿ ಮಾತ್ರ ತನ್ನ ಪಾಡಿಗೆ ತಾನು ನುಡಿಯಿತು:

"ಹೌದ್ರಿ, ಬರಕೊಂಡೀನ್ರಿ."